ಎರಡು ಮೊರದ ಕಾಡು

ನಮ್ಮತ್ತೆ ವಿಶಾಲಾಕ್ಷಮ್ಮ ಯಾರೊಂದಿಗಾದರೂ ಒಳ್ಳೆಯ ಮಾತಾಡಿದ್ದನ್ನು ನಾನು ಮದುವೆಯಾಗಿ ಬಂದಾಗಿನಿಂದ ಕೇಳಿಲ್ಲ. ಬೈಯುವುದಕ್ಕೆ ಅವರಿಗೆ ಕಾರಣ ಬೇಕಿರಲಿಲ್ಲ, ಎದುರಿಗೆ ಯಾರಾದರೂ ಇದ್ದರೆ ಸಾಕಿತ್ತು. ಯಾರೂ ಸಿಗದಿದ್ದರೆ ಉರಿಯದ ಸೌದೆಯನ್ನೋ, ಕಾಫಿ ಕಣದಲ್ಲಿ ಕೂತ ಕಾಗೆಯನ್ನೋ ಹಿಡಿದು ಜಾಡಿಸುತ್ತಿದ್ದರು. ಸುಂಟಿಕೊಪ್ಪದಿಂದ ಮಾದಾಪುರದ ಕಡೆ ಬರುವ ಬಸ್ಸಿನ ಕಂಡಕ್ಟರು ಅವರ ಹಣೆಯ ವಿಭೂತಿ ಕಂಡ ಕೂಡಲೇ ಮುಂದಿನ ಸೀಟು ಬಿಡಿಸಿಕೊಟ್ಟು ತಾನು ಹಿಂದಿನ ಬಾಗಿಲಿಗೆ ಹೋಗಿಬಿಡುತ್ತಿದ್ದ. ಅಂಥವರು ನನ್ನ ಮಗಳ ಜೊತೆ ನೆಲದ ಮೇಲೆ ಕೂತು, ಪ್ಲಾಸ್ಟಿಕ್ಕಿನ ಮರ, ಆನೆ, ಹುಲಿ ಜೋಡಿಸುವ ಆಟಿಕೆ ಕೂಡಿಟ್ಟು ಒಂದು ಕಾಡನ್ನೇ ಕಟ್ಟಿದರು ಎಂದರೆ ನನ್ನ ತವರಿನಲ್ಲಿ ಈಗಲೂ ನಗುತ್ತಾರೆ. ಆ ಕಾಡಿಗಾಗಿ ಈ ವರ್ಷ ನಮ್ಮ ಮನೆಯಲ್ಲಿ ನಡೆದ ಜಗಳವನ್ನು ನಾನು ಡೈರಿಯಲ್ಲಿ ಆಗಾಗ ಗೀಚಿಟ್ಟಿದ್ದೆ. ಅವರನ್ನು ಕುರಿತು ಬರೆಯಬೇಕೆಂದರೆ ಅದಕ್ಕಿಂತ ಬೇರೆ ವಿಷಯ ಬೇಡ.

ಮಾವ ಮರುಳಸಿದ್ದಪ್ಪನವರು ತೀರಿಕೊಂಡ ಮೇಲೆ ಮನೆಯ ಬೀಗದ ಕೈ ಅತ್ತೆಯ ಸೊಂಟಕ್ಕೆ ಬಂತು. ದೊಡ್ಡ ಮಗ ಕಿರಣ್‌ಕುಮಾರ್, ನನಗೆ ಭಾವ. ಅವರ ಹೆಂಡತಿ ಅಮೃತಕ್ಕ, ಮಗ ದೀಕ್ಷಿತ್. ಚಿಕ್ಕ ಮಗ ಕೀರ್ತಿಕುಮಾರ್ ನನ್ನ ಗಂಡ. ನಮ್ಮ ಮಗಳು ಸಿಂಚನಾಗೆ ಆಗಷ್ಟೇ ಮೂರು ತುಂಬಿತ್ತು. ಎಲ್ಲರದೂ ಒಂದೇ ಒಲೆ, ನಡುಮನೆಯ ಒಂದೇ ಉದ್ದನೆಯ ಹಾಲು, ಹಿಂದೆ ಕಾಫಿ ತೋಟ, ಅದರಾಚೆ ಗದ್ದೆ.

ಒಂದು ಸಲ ಸಿಂಚನಾಗೆ ಜ್ವರ ಬಂದು ಸುಂಟಿಕೊಪ್ಪಕ್ಕೆ ಇಂಜೆಕ್ಷನ್ ಕೊಡಿಸಲು ಕರೆದುಕೊಂಡು ಹೋಗಿದ್ದೆವು. ಹೊರಗೆ ಬಂದ ಮೇಲೂ ಅವಳು ಅಳು ನಿಲ್ಲಿಸಲಿಲ್ಲ. ಅತ್ತೆ ಅವಳ ಕೈ ಹಿಡಿದು ದರದರ ಎಳೆದುಕೊಂಡು ಬಸ್ ನಿಲ್ದಾಣದ ಎದುರಿನ ಫ್ಯಾನ್ಸಿ ಅಂಗಡಿಗೆ ನುಗ್ಗಿದರು.

"ಇದರ ಬಾಯಿ ಮುಚ್ಚಿಸೋ ಸಾಮಾನು ಏನಾದ್ರೂ ಇದ್ರೆ ಕೊಡು."

ಅಂಗಡಿಯವನು ಮಲಯಾಳಂ ಬೆರೆತ ಕನ್ನಡದಲ್ಲಿ, "ಇದು ನೋಡಿ ಅಮ್ಮಾ, ಒಳ್ಳೆ ಸೆಟ್. ಪೀಸು ಪೀಸು ಜೋಡಿಸಿದ್ರೆ ಕಾಡು ಬರ್ತದೆ" ಎಂದು ಒಂದು ಪೆಟ್ಟಿಗೆ ಇಳಿಸಿದ.

"ಕಾಡು ಬರೋಕೆ ನಿನಗೆ ದುಡ್ಡು ಬೇರೆ ಕೊಡ್ಬೇಕಾ? ನಮ್ಮನೆ ಹಿಂದೆ ಬೇಡ ಅಂದ್ರೂ ಬತ್ತಾ ಐತೆ."

ಬೈದುಕೊಂಡೇ ಕೊಂಡರು. ಮನೆಗೆ ಬಂದು ಪೆಟ್ಟಿಗೆ ಬಿಚ್ಚಿದರೆ ಹಸಿರು ಹಲಗೆಯೊಂದು, ಕಂದು ಬಣ್ಣದ ಚೂರುಗಳು, ಎಲೆಗಳು, ಒಂದು ಮರಿಯಾನೆ. ಮಗು ಔಷಧಿಯ ಮಂಪರಿನಲ್ಲಿ ಮಲಗಿಬಿಟ್ಟಿತು. ನಾನು ಅನ್ನಕ್ಕಿಟ್ಟು ಬಂದು ನೋಡಿದರೆ ಅತ್ತೆ ಕನ್ನಡಕ ಹಾಕಿಕೊಂಡು, ಚೂರುಗಳನ್ನು ಮೊರಕ್ಕೆ ಸುರಿದುಕೊಂಡು, ಕಾಳುಮೆಣಸು ಹಸನು ಮಾಡುವವರ ಹಾಗೆ ಬಣ್ಣಬಣ್ಣವಾಗಿ ಬೇರೆ ಮಾಡುತ್ತಿದ್ದರು.

"ನಿಂತ್ಕೊಂಡು ಏನ್ ನೋಡ್ತಿ? ಸೀದ ವಾಸನೆ ಬತ್ತಿದೆ, ಹೋಗು" ಅಂದರು. ಅನ್ನ ಸೀದಿರಲಿಲ್ಲ.

ಆಮೇಲೆ ಬಿಪಿ ಮಾತ್ರೆಗೆಂದು ಸುಂಟಿಕೊಪ್ಪಕ್ಕೆ ಹೋದಾಗಲೆಲ್ಲ ಚೀಲದಲ್ಲಿ ಮಾತ್ರೆಯ ಜೊತೆ ಒಂದು ಪೆಟ್ಟಿಗೆ ಬರತೊಡಗಿತು. ಒಂದರಲ್ಲಿ ಹೊಳೆ, ಮೊಸಳೆ. ಇನ್ನೊಂದರಲ್ಲಿ ಹುಲಿ, ಜಿಂಕೆ, ಮಂಗ, ಬಂಡೆ, ಬಿದಿರು. ಮತ್ತೊಂದರಲ್ಲಿ ಸೊಂಡಿಲು ಎತ್ತಿದ ಗಂಡಾನೆ. ಅದು ನನ್ನ ಮುಷ್ಟಿಗಿಂತ ದಪ್ಪ, ಜೋಡಿಸುವಂಥದ್ದಲ್ಲ, ಇಡಿಯಾಗಿ ಎರಕ ಹೊಯ್ದದ್ದು. ಪೆಟ್ಟಿಗೆಯೊಳಗಿನ ಚಿತ್ರದ ಚೀಟಿಯನ್ನು ಅತ್ತೆ ಒಂದು ಸಲ ನೋಡಿ ಒಲೆಗೆ ಹಾಕಿದರು. "ಇದನ್ನ ಬರೆದವನು ಕಾಡು ಕಂಡೇ ಇಲ್ಲ. ಮರದ ಬುಡದಲ್ಲಿ ಒಂದು ಕಾಫಿ ಗಿಡ ಬೇಡ್ವಾ?" ಹಾಗಾಗಿ ನಮ್ಮ ಹಾಲಿನ ಕಾಡಿನಲ್ಲಿ ದೊಡ್ಡ ಮರಗಳ ಕೆಳಗೆ ಗಿಡ್ಡ ಗಿಡಗಳಿದ್ದವು, ಮರಕ್ಕೆ ಹಸಿರು ಎಲೆಯ ಮೆಣಸಿನ ಬಳ್ಳಿ ಹಬ್ಬಿತ್ತು, ಮೂಲೆಯಲ್ಲಿ ನೀರಿನ ಟ್ಯಾಂಕು. ಮಾವ ಮಲಗುತ್ತಿದ್ದ ಮಂಚದ ಹಲಗೆ ಬಿಚ್ಚಿ ಹಾಲಿನ ನಡುವೆ ಹಾಕಿ ಅದರ ಮೇಲೆ ಇಷ್ಟನ್ನೂ ಕೂರಿಸಿದ್ದರು.

ಯಾವುದೋ ಸೆಟ್ಟಿನಲ್ಲಿ ಜಿರಾಫೆಯೂ ಸಿಂಹವೂ ಬಂದವು. ಅತ್ತೆ ಅವನ್ನು ಕಾಡಿನೊಳಗೆ ಬಿಡಲೇ ಇಲ್ಲ.

"ಯಾಕಜ್ಜಿ?" ಸಿಂಚನಾ ಕೇಳಿದಳು.

"ಇವು ನಮ್ಮ ಕಡೆಯವಲ್ಲ. ಟೂರಿಸ್ಟು. ಹೋಂಸ್ಟೇ ಕಟ್ಟು, ಅಲ್ಲಿರ್ಲಿ. ಸೋಮವಾರ ಹೊರಟೋಗ್ತವೆ."

ಅಜ್ಜಿಯೂ ಮೊಮ್ಮಗಳೂ ಹಲಗೆಯ ಹೊರಗೆ ಕೆಂಪು ಸೂರಿನ ಹೋಂಸ್ಟೇ ಕಟ್ಟಿದರು. ಜಿರಾಫೆಯ ಕತ್ತು ಸೂರಿನಿಂದ ಹೊರಗಿತ್ತು. ಅದು ಚೀಲ, ಪ್ಲಾಸ್ಟಿಕ್ಕು ಎಸೆದು ಹೋಗುತ್ತದೆಂದು ಅತ್ತೆ ಅದಕ್ಕೂ ದಿನಾ ಬೈಯುತ್ತಿದ್ದರು.

ಹೆಚ್ಚು ಬೈಗುಳ ತಿಂದದ್ದು ಆನೆಗಳು. ನಿಜವಾದ ಆನೆಗಳು ನಮ್ಮ ತೋಟದಲ್ಲಿ ಮಾಡಿದ ಪ್ರತಿಯೊಂದು ಅನಾಹುತಕ್ಕೂ, ಮುರಿದ ಹಲಸಿನ ಕೊಂಬೆಗೂ ತುಳಿದ ಪೈಪಿಗೂ, ಈ ಪ್ಲಾಸ್ಟಿಕ್ಕಿನ ಆನೆಗಳೇ ಜವಾಬು ಹೇಳಬೇಕಿತ್ತು. ಗಂಡಾನೆಯನ್ನು ಎತ್ತಿ ಹಿಡಿದು, "ನಿನ್ನ ಸೊಂಡ್ಲು ಸೇದೋಗ. ಬಾಳೆ ತಿಂದ್ಯಲ್ಲ, ದಿಂಡಾದ್ರೂ ಬಿಡಬಾರದಿತ್ತಾ?" ಎನ್ನುವರು. ಸಿಂಚನಾ ಆನೆಯ ಪರವಾಗಿ, "ಹಸಿವಾಗಿತ್ತು" ಎನ್ನುವಳು. ಆದರೂ ಕಾಡಿನ ಸುತ್ತ ಬೇಲಿ ಕಟ್ಟುವಾಗ ಅತ್ತೆ ಒಂದು ಕಡೆ ಜಾಗ ಬಿಟ್ಟರು. ಮಗು ಅಲ್ಲಿಗೂ ಒಂದು ಕಂಬ ಸಿಕ್ಕಿಸಲು ಹೋದಾಗ ಕೈಗೆ ಪಟ್ಟನೆ ಹೊಡೆದರು.

"ದಾರಿ ಬಿಡ್ದೆ ಬೇಲಿ ಹಾಕಿದ್ರೆ ಬೇಲಿನೇ ಕಿತ್ತಾಕ್ತವೆ. ಬಿಟ್ರೆ ಅದರ ಪಾಡಿಗೆ ಹೋಗ್ತವೆ, ದರಿದ್ರದವು."

ಅವರ ಬದುಕಿನಲ್ಲಿ ದಾರಿಯ ವಿಷಯ ಬಂದರೆ ತಮಾಷೆ ಇರಲಿಲ್ಲ. ಕೊಡ್ಲಿಪೇಟೆ ಕಡೆಯಿಂದ ಮದುವೆಯಾಗಿ ಬಂದ ಹೊಸದರಲ್ಲೇ ಮಾವ ಮತ್ತು ಅವರ ಅಣ್ಣನಿಗೆ ಪಾಲಾಯಿತು. ರಸ್ತೆ ಕಡೆಯ ಜಾಗ ಅಣ್ಣನಿಗೆ, ಹಿಂದಿನದು ಮಾವನಿಗೆ. ದಾರಿ ಯಾರದು ಎಂದು ಆವತ್ತು ಯಾರೂ ಮಾತಾಡಲಿಲ್ಲ. ಮಾರನೆಯ ವರ್ಷವೇ ಅಣ್ಣ ಅಡ್ಡಗೋಲು ಹಾಕಿ ಬೀಗ ಜಡಿದರು. ಭತ್ತದ ಹೊರೆಯನ್ನು ಅತ್ತೆ ತಲೆಯ ಮೇಲೆ ಹೊತ್ತು ಹಳ್ಳದ ಸುತ್ತು ಹಾಕಿಕೊಂಡು ತರುತ್ತಿದ್ದರು. ಕಿರಣ್ ಭಾವ ಚಿಕ್ಕವರಿದ್ದಾಗ ಜ್ವರ ನೆತ್ತಿಗೇರಿ ಫಿಟ್ಸ್ ಬಂದಿತ್ತಂತೆ. ಜೀಪು ರಸ್ತೆಯಲ್ಲೇ ನಿಂತಿತ್ತು, ಅಡ್ಡಗೋಲು ತೆಗೆಯಲಿಲ್ಲ. ಅತ್ತೆ ಮಗುವನ್ನು ಹೆಗಲಿಗೆ ಹಾಕಿಕೊಂಡು ಹಳ್ಳದಲ್ಲಿ ಇಳಿದು ಹತ್ತಿದರು. ಇದನ್ನು ಅವರು ನನಗೆ ಹೇಳಿದವರಲ್ಲ, ಊರಿನವರು ಹೇಳಿದ್ದು. ಆ ಅಣ್ಣನ ಸಂಸಾರ ಆಮೇಲೆ ಜಾಗ ಮಾರಿ ಹೋಯಿತು. ಅತ್ತೆ ಮಾತ್ರ ಆ ಜಾಗ ದಾಟುವಾಗ ಈಗಲೂ ಎಲೆಯಡಿಕೆ ಉಗಿದೇ ದಾಟುತ್ತಾರೆ.

ಈ ಸಲ ಪಾಲಾದದ್ದು ಅವರ ಸ್ವಂತ ಮಕ್ಕಳದು. ಭಾವ ಯಾರಿಗೂ ಹೇಳದೆ ಮೇಲಿನ ತೋಟದಲ್ಲಿ ನೆರಳಿಗೆ ಬೆಳೆಸಿದ್ದ ಸಿಲ್ವರ್ ಓಕ್ ಮರ ಕಡಿಸಿ ಮಾರಿದರು. ನಮ್ಮವರು ಲಾರಿ ಎದುರು ನಿಂತರು. ಮಾತು ಎಲ್ಲಿಂದ ಎಲ್ಲಿಗೋ ಹೋಗಿ, ಬೇಸಿಗೆ ಮುಗಿಯುವ ಮೊದಲು ಒಲೆ ಎರಡಾಗಬೇಕು ಎಂದಾಯಿತು. ಜಮೀನು ಅಳೆಯುವ ದಿನ ಅತ್ತೆ ಕೊಡೆ ಹಿಡಿದು ಹಿಂದೆಯೇ ನಡೆದು, ಪ್ರತಿ ಗೂಟಕ್ಕೂ "ದಾರಿ ಎಲ್ಲಿ? ದಾರಿ ಹೇಳಿ ಮೊದ್ಲು" ಎಂದು ಕೇಳಿ ಎಲ್ಲರ ತಲೆ ತಿಂದರು. ಅತ್ತೆ ಮೊದಲ ವರ್ಷ ದೊಡ್ಡ ಮಗನ ಕಡೆ, ಆಮೇಲೆ ನಮ್ಮ ಕಡೆ ಇರುವುದೆಂದು ಮಾತಾಯಿತು. ಅವರನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ಇಬ್ಬರಿಗೂ ಬೈಗುಳ ಗ್ಯಾರಂಟಿ.

ಉಳಿದದ್ದು ಮನೆಯ ಉದ್ದನೆಯ ಹಾಲು. ನಡುವೆ ಹಾಲೋ ಬ್ಲಾಕಿನ ಗೋಡೆ ಬರಬೇಕು. ಗೋಡೆ ಬರುವ ಜಾಗದಲ್ಲೇ ಕಾಡಿತ್ತು.

"ನಾನು ನಮ್ಮ ಕೋಣೆಗೆ ಎತ್ತಿಡ್ತೀನಿ" ಎಂದು ನಾನು ಹಲಗೆಗೆ ಕೈ ಹಾಕಿದೆ.

ಅಮೃತಕ್ಕ ಇನ್ನೊಂದು ತುದಿ ಹಿಡಿದುಕೊಂಡರು. "ಅದೇನು ನಿನ್ನ ತವರಿಂದ ಬಂತಾ ಶಾಂಭವಿ? ಒಟ್ಟಿಗಿದ್ದಾಗ ತಂದಿದ್ದು. ನಮ್ಮ ದೀಕ್ಷೀನೂ ಆಡಿದಾನೆ."

"ಆಡಿದಾನೆ ಅಕ್ಕಾ, ಮಂಗನ ಬಾಲ ಮುರಿದಿದ್ದೂ ಅವನೇ."

"ಒಂದು ಬಾಲಕ್ಕೆ ಇಡೀ ಕಾಡು ಬರ್ಕೊಡ್ಬೇಕಾ?"

ಭಾವ ಒಳಗಿನಿಂದ, "ಏ, ಮಕ್ಕಳ ಸಾಮಾನು, ಯಾರಾದ್ರೂ ಇಟ್ಕೊಳ್ಳಿ" ಅಂದರು. ಇಬ್ಬರೂ ಹಲಗೆ ಬಿಡಲಿಲ್ಲ. ಕುಲುಕಾಟಕ್ಕೆ ಮರಗಳು ಒಂದೊಂದಾಗಿ ಉರುಳುತ್ತಿದ್ದವು. ಸಿಂಚನಾ ಹೊಳೆಯ ಪಕ್ಕದಲ್ಲಿ ಎರಡೂ ಕೈ ಅಡ್ಡ ಇಟ್ಟು ಬೀಳುವ ಪ್ರಾಣಿಗಳನ್ನು ಹಿಡಿಯುತ್ತಿದ್ದಳು. ಅವಳು ಅಳುತ್ತಿರಲಿಲ್ಲ. ಅಳುವುದಕ್ಕೆ ಅವಳಿಗೆ ಪುರುಸೊತ್ತಿರಲಿಲ್ಲ.

"ಪಾಲು ತಾನೇ ಬೇಕು ನಿಮಗೆ?" ಅತ್ತೆ ಮೊರಗಳನ್ನು ತಂದು ನೆಲಕ್ಕೆ ಕುಕ್ಕಿದರು. "ಕೈ ತೆಗೀರಿ ಇಬ್ರೂ."

ನಮ್ಮ ಕಡೆ ಪಾಲಿಗೆ ಒಂದು ಕ್ರಮವಿದೆ. ಪಾಲು ಮಾಡಿದವರು ಆರಿಸುವ ಹಾಗಿಲ್ಲ. ಎಲ್ಲರಿಗಿಂತ ಚಿಕ್ಕವರು ಮೊದಲು ಎತ್ತಿಕೊಳ್ಳಬೇಕು. ಹಾಗಾದಾಗ ಪಾಲು ಮಾಡುವವರು ತಕ್ಕಡಿ ಹಿಡಿದಂತೆ ಸಮ ಮಾಡುತ್ತಾರೆ ಎಂದು ಹಿರಿಯರ ಲೆಕ್ಕ. ಅತ್ತೆ ಸಮ ಮಾಡಲಿಲ್ಲ. ಒಂದು ಮೊರಕ್ಕೆ ಪ್ರಾಣಿಗಳನ್ನೆಲ್ಲ ತುಂಬಿದರು. ಆನೆ, ಹುಲಿ, ಜಿಂಕೆ, ಮೊಸಳೆ, ಬಾಲವಿಲ್ಲದ ಮಂಗ, ಟೂರಿಸ್ಟ್ ಜಿರಾಫೆ, ಸಿಂಹ ಕೂಡ. ಇನ್ನೊಂದಕ್ಕೆ ಹಸಿರು ಹಲಗೆ, ಮರ, ಬಂಡೆ, ಬೇಲಿ, ಹೋಂಸ್ಟೇಯ ಕೆಂಪು ಸೂರು, ಹೊಳೆಯ ನೀಲಿ ಚೂರು.

"ಇದೆಂಥ ಪಾಲು ಅತ್ತೆ?" ಅಮೃತಕ್ಕ ಕೇಳಿದರು. "ಒಬ್ಬರಿಗೆ ಪ್ರಾಣಿ, ಒಬ್ಬರಿಗೆ ಬರೀ ಸೊಪ್ಪಾ?"

"ನನಗೆ ಪಾಲು ಹೇಳ್ಕೊಡೋಕೆ ಬರ್ಬೇಡ. ಪಾಲಿನಲ್ಲೇ ಬಾಳಿದೋಳು ನಾನು."

"ಸಿಂಚುನೇ ಚಿಕ್ಕೋಳು. ಅವಳು ಪ್ರಾಣಿ ಎತ್ಕೊಂಡ್ರೆ ನನ್ನ ಮಗ ಮರ ತಗೊಂಡು ಏನ್ ಮಾಡ್ಬೇಕು?"

"ಎತ್ಕೊಳ್ಳೋಕೆ ಮೊದ್ಲೇ ಯಾಕೆ ಅಳ್ತಿ?"

ನಾನು ಮಗಳ ಕಿವಿಯಲ್ಲಿ "ಆನೆ" ಎಂದು ಪಿಸುಗುಟ್ಟಿದೆ. ಇನ್ನೂ ಗಟ್ಟಿಯಾಗಿ ಹೇಳಬೇಕಿತ್ತೇನೋ. ಸಿಂಚನಾ ಎರಡು ಮೊರಗಳ ನಡುವೆ ಕುಕ್ಕರಗಾಲಲ್ಲಿ ಕೂತು, ಗಂಡಾನೆಯ ಬೆನ್ನು ಒಂದು ಸಲ ಸವರಿ, ಮರಗಳ ಮೊರವನ್ನು ತನ್ನ ಕಡೆಗೆ ಎಳೆದುಕೊಂಡಳು.

ನನಗೆ ಅಲ್ಲೇ ಒಂದು ಬಾರಿಸಬೇಕೆನ್ನಿಸಿತು. ದೀಕ್ಷಿತ್ ಪ್ರಾಣಿಗಳ ಮೊರವನ್ನು ಎದೆಗೊತ್ತಿಕೊಂಡು ಓಡಿದ. ಅಮೃತಕ್ಕನ ಮುಖದಲ್ಲಿ ಅವತ್ತಿನ ಮೊದಲ ನಗು ಬಂತು.

"ನೆಲ ತಗೊಂಡ್ಲು ನೋಡು. ಅಪ್ಪನ ಬುದ್ಧಿ."

"ಯಾಕೆ ಪುಟ್ಟಾ ಇದನ್ನ ತಗೊಂಡೆ?" ನಾನು ಕೋಣೆಗೆ ಬಂದ ಮೇಲೆ ಕೇಳಿದೆ.

"ಕಾಡು ಇಲ್ಲಿದ್ರೆ ಆನೆ ಬಂದೇ ಬರುತ್ತಲ್ವಾ ಅಮ್ಮಾ? ಅವಕ್ಕೆ ಹಸಿವಾಗುತ್ತೆ."

ಗಾರೆ ಕೆಲಸದ ಬೊಳ್ಳಪ್ಪ ಮಾರನೆಯ ದಿನ ಬಂದು ದಾರ ಕಟ್ಟಿದ. ಮೊದಲ ಸಾಲು ಇಡುವಾಗ ಅತ್ತೆ ಪಕ್ಕದಲ್ಲೇ ನಿಂತಿದ್ದರು. ಕಿಟಕಿಯ ಕಡೆಯ ಮೂಲೆಯ ಹತ್ತಿರ ಒಂದು ಬ್ಲಾಕನ್ನು ಮಗ್ಗುಲಾಗಿ ಇಡಿಸಿದರು. ಹಾಗೆ ಇಟ್ಟರೆ ಬ್ಲಾಕಿನ ತೂತುಗಳು ಗೋಡೆಯ ಈ ಕಡೆಯಿಂದ ಆ ಕಡೆಗೆ ಕಾಣುತ್ತವೆ.

"ಇದು ಯಾಕವ್ವ ಹಿಂಗೆ?" ಬೊಳ್ಳಪ್ಪ ತಲೆ ಕೆರೆದ.

"ನೆಲ ತೊಳೆದ ನೀರು ಹೋಗೋಕೆ. ನೀನು ಇಡು."

ನೀರು ಯಾರ ಮನೆಯಿಂದ ಯಾರ ಮನೆಗೆ ಹೋಗಬೇಕು ಎಂದು ನಾನು ಮನಸ್ಸಿನಲ್ಲೇ ಗೊಣಗಿಕೊಂಡೆ. ಗೋಡೆ ತಲೆಯ ಮೇಲಕ್ಕೆ ಎದ್ದಿತು. ಕಿಟಕಿಯ ಬೆಳಕೆಲ್ಲ ಅವರ ಪಾಲಿಗೆ ಹೋಗಿ ನಮ್ಮ ಅರ್ಧ ಹಾಲಿನಲ್ಲಿ ಹಗಲಲ್ಲೂ ಬಲ್ಬು ಹಾಕಬೇಕಾಯಿತು.

ಸಿಂಚನಾ ಕಾಡನ್ನು ಮತ್ತೆ ಕಟ್ಟಿದಳು. ಮರ, ಬಂಡೆ, ಹೊಳೆ ಎಲ್ಲ ಇತ್ತು. ಬೇಲಿಯಲ್ಲಿ ಅಜ್ಜಿ ಬಿಟ್ಟಿದ್ದಷ್ಟೇ ಜಾಗ ಬಿಟ್ಟು, ಅದರ ಎದುರು ಕೂತು ಕಾದಳು. ಸ್ಕೂಲಿನಿಂದ ಬಂದು ಬ್ಯಾಗು ಎಸೆದು ಮೊದಲು ಅಲ್ಲಿಗೆ ಹೋಗುವಳು. "ಬಂದಿಲ್ಲ" ಎಂದು ನನಗೆ ವರದಿ ಒಪ್ಪಿಸುವಳು. ಆಚೆ ಅಮೃತಕ್ಕ ಪ್ರಾಣಿಗಳನ್ನು ಶೋಕೇಸಿನ ಗಾಜಿನೊಳಗೆ ಸಾಲಾಗಿ ನಿಲ್ಲಿಸಿ ಬೀಗ ಹಾಕಿದ್ದರು. ಹೊರಗಿಟ್ಟರೆ ಮಗ ಈ ಕಡೆ ದಾಟಿಸಿಬಿಡುತ್ತಾನೆ ಎಂದು ಅವರ ಭಯ.

ಒಂದು ಬೆಳಿಗ್ಗೆ ನಲ್ಲಿಯ ಹತ್ತಿರ ಅತ್ತೆ ಒಬ್ಬರೇ ಸಿಕ್ಕರು. ನಾನು ಬಿಂದಿಗೆ ಇಟ್ಟು ಕೇಳಿಯೇಬಿಟ್ಟೆ.

"ಪಾಲು ಅಂತ ಮಾಡಿದ್ರಲ್ಲ, ಮಗು ದಿನಾ ಕಾಯ್ತಾ ಕೂತಿರುತ್ತೆ. ಕಣ್ಣಿಗೆ ಕಾಣ್ಸುತ್ತಾ ನಿಮಗೆ?"

"ಕಾಯ್ಲಿ. ನಾನೂ ಕಾದಿದೀನಿ."

"ನಿಮಗೆ ಮಾಡಿದ್ದನ್ನ ಅದಕ್ಕೂ ಮಾಡ್ಬೇಕಾ?"

"ಬಿಂದಿಗೆ ತುಂಬಿ ಚೆಲ್ತಾ ಐತೆ, ನಲ್ಲಿ ನಿಲ್ಲಿಸು. ನೀರು ಇಬ್ರದು" ಎಂದು ತಮ್ಮ ಬಿಂದಿಗೆ ಎತ್ತಿಕೊಂಡು ಹೊರಟೇಹೋದರು. ಆ ದಿನ ಡೈರಿಯಲ್ಲಿ ಅವರ ಬಗ್ಗೆ ನಾನು ಬರೆದದ್ದನ್ನು ಇಲ್ಲಿ ಬರೆಯಲಾಗುವುದಿಲ್ಲ. ಅವರಿಂದಲೇ ಕಲಿತ ಮಾತುಗಳು.

ಮಳೆ ಹಿಡಿಯಿತು. ನಮ್ಮ ಊರ ಕಡೆ ಮಳೆ ಜೋರಾದರೆ ಸ್ಕೂಲಿಗೆ ರಜೆ ಕೊಡುತ್ತಾರೆ. ಎರಡನೆಯ ರಜೆಯ ಹೊತ್ತಿಗೆ ದೀಕ್ಷಿತ್ ಅವನಮ್ಮನ ಸೆರಗು ಹಿಡಿದು ಎಳೆದು, ಟಿವಿಗೆ ಕರೆಂಟಿಲ್ಲವೆಂದು ಕಿರುಚಿ ರಂಪ ಮಾಡಿದ. ಅಮೃತಕ್ಕ ಕೊನೆಗೆ, "ತಗೊಂಡು ಸಾಯಿ" ಎಂದು ಶೋಕೇಸು ತೆಗೆದುಕೊಟ್ಟರು. ನಾನು ಇದನ್ನೆಲ್ಲ ಗೋಡೆಯ ಈಚೆಯಿಂದ ಕೇಳಿಸಿಕೊಂಡೆ. ಮಗ್ಗುಲಾದ ಆ ಬ್ಲಾಕಿನಿಂದ ನೀರು ಬರದಿದ್ದರೂ ಮಾತು ಚೆನ್ನಾಗಿ ಬರುತ್ತಿತ್ತು.

"ಅಜ್ಜಿ, ಹುಲಿ ಜಿಂಕೆನ ಹಿಡೀತಾ ಐತೆ."

"ಈ ಸಿಮೆಂಟ್ ನೆಲದಲ್ಲಾ? ಜಿಂಕೆ ಇಲ್ಲೇನು ಮೇಯುತ್ತೆ, ನಿನ್ನ ತಲೇನಾ?"

ದೀಕ್ಷಿತ್ ಗೊಂಬೆಯನ್ನು ನೆಲಕ್ಕೆ ಕುಕ್ಕಿದ ಸದ್ದು ಬಂತು.

"ಮತ್ತೆ ಎಲ್ಲಿ ಮೇಯ್ಬೇಕು?"

"ನನ್ನ ಕೇಳ್ಬೇಡ. ಕಣ್ಣಿಲ್ವಾ ನಿನಗೆ? ಎದುರಿಗೇ ಐತೆ ದಾರಿ."

ಸಿಂಚನಾ ಬೇಲಿಯ ಎದುರು ಕೂತಿದ್ದಳು. ಬ್ಲಾಕಿನ ಕತ್ತಲೆಯಿಂದ ಮೊದಲು ಜಿಂಕೆಯ ಮೂತಿ ಬಂತು. ಅವಳು ಕೂಗಲಿಲ್ಲ. ನೆಲದ ಮೇಲೆ ಮಲಗಿ ಜಿಂಕೆಯನ್ನು ಮೆಲ್ಲಗೆ ಎಳೆದುಕೊಂಡು ಬೇಲಿಯ ದಾರಿಯಿಂದ ಕಾಡಿನೊಳಗೆ ಬಿಟ್ಟಳು. ಆಮೇಲೆ ಮಂಗ ಬಂತು. ಮರಿಯಾನೆ, ಹುಲಿ, ಮೊಸಳೆ ಬಂದವು. ಒಂದೊಂದು ಬಂದಾಗಲೂ ನನ್ನ ಕಡೆ ತಿರುಗಿ, ನಾನು ನೋಡಿದೆನೋ ಇಲ್ಲವೋ ಎಂದು ಖಾತ್ರಿ ಮಾಡಿಕೊಳ್ಳುತ್ತಿದ್ದಳು. ನಾನು ಹುರುಳಿ ಆರಿಸುತ್ತಿದ್ದವಳು ಹಾಗೆಯೇ ಕೂತುಬಿಟ್ಟೆ. ಸಂಜೆ ದೀಪ ಹಚ್ಚುವ ಹೊತ್ತಿಗೆ ಆಚೆಯಿಂದ ಅತ್ತೆಯ ದನಿ ಬಂತು. "ಏ ಹುಡುಗಿ, ಕಳಿಸು ಅವನ್ನ. ಅವು ಇವನ ಪಾಲು. ಮೇಯೋಕೆ ಬಂದಿದ್ವು ಅಷ್ಟೇ." ಎಲ್ಲವೂ ಬಂದ ದಾರಿಯಲ್ಲೇ ವಾಪಸು ಹೋದವು.

ಹೀಗೆ ನಡೆಯುತ್ತಿತ್ತು. ಕೆಡಿಸಿದ್ದು ಗಂಡಾನೆ. ದೀಕ್ಷಿತ್ ಒಂದು ದಿನ ಅದನ್ನೂ ತೂರಿಸಲು ಹೋದ. ಎತ್ತಿದ ಸೊಂಡಿಲು ಈ ಕಡೆ ಬಂತು, ತಲೆ ಸಿಕ್ಕಿಕೊಂಡಿತು. ಇವಳು ಎಳೆದಳು, ಅವನು ನೂಕಿದ. ಆನೆ ಅಲ್ಲಾಡಲಿಲ್ಲ. ಅವನು ಅಳತೊಡಗಿದ. ಅಮೃತಕ್ಕ ಅಡುಗೆಮನೆಯಿಂದ ಓಡಿಬಂದರು. ಗುಟ್ಟೆಲ್ಲ ಬಯಲಾಯಿತು. ಆನೆಯನ್ನು ಅವರು ಹೇಗೆ ಎಳೆದು ತೆಗೆದರೋ, ಅದರ ಒಂದು ಕಿವಿ ತರಚಿಹೋಗಿತ್ತು.

"ಗೋಡೆ ಹಾಕಿದ್ದು ಯಾಕೆ ಮತ್ತೆ? ನೆಲದಡಿಯಲ್ಲಿ ಹೆಗ್ಗಣದ ಹಾಗೆ ಕೊರ್ಕೊಂಡು ಬರ್ತಾಳೆ ಅವಳ ಮಗಳು. ಇವತ್ತು ಗೊಂಬೆ, ನಾಳೆ ಏನೋ" ಎಂದು ನನಗೆ ಕೇಳಲೆಂದೇ ಹೇಳಿದರು.

ನಾನೂ ಸುಮ್ಮನಿರಲಿಲ್ಲ. ನೆಲಕ್ಕೆ ಬಗ್ಗಿ, ತೂತಿಗೆ ಬಾಯಿಟ್ಟು ಹೇಳಿದೆ: "ನೂಕಿದ್ದು ನಿಮ್ಮ ಮಗ ಅಕ್ಕಾ. ಹೆಗ್ಗಣ ಯಾವ ಕಡೇದು ಅಂತ ಸರಿಯಾಗಿ ನೋಡಿ."

ಭಾವ ಬೊಳ್ಳಪ್ಪನಿಗೆ ಫೋನು ಮಾಡಿದರು. ಗೋಡೆಗೆ ಹೇಗಿದ್ದರೂ ಗಾರೆ ಆಗಬೇಕು, ಆ ತೂತು ಮುಚ್ಚಿ ಪೂರ್ತಿ ಮುಗಿಸಿಬಿಡು ಎಂದು. ಸಿಂಚನಾ ಅದನ್ನು ಕೇಳಿಸಿಕೊಂಡು ನನ್ನ ಹತ್ತಿರ ಬಂದಳು.

"ಮುಚ್ಚಿದ್ರೆ ಎಲ್ಲಿಂದ ಬರ್ತವೆ?"

ಸುಂಟಿಕೊಪ್ಪದಿಂದ ಹೊಸ ಸೆಟ್ ತರೋಣ, ಅದರಲ್ಲಿ ಇನ್ನೂ ದೊಡ್ಡ ಆನೆ ಇರುತ್ತೆ ಎಂದೆ. ಅವಳು ನನ್ನನ್ನು ಪರಕೀಯಳನ್ನು ನೋಡಿದಂತೆ ನೋಡಿ ಕಾಡಿನ ಹತ್ತಿರ ಹೋಗಿ ಕೂತಳು.

ಬೊಳ್ಳಪ್ಪ ಬಂದ. ಮರಳು ಜರಡಿ ಹಿಡಿದದ್ದು, ಬಾಂಡ್ಲಿಯಲ್ಲಿ ಸಿಮೆಂಟು ಕಲಸಿದ್ದು, ಕರಣೆ ಗೋಡೆಗೆ ತಾಗಿದ್ದು ಎಲ್ಲ ಈ ಕಡೆಗೆ ಕೇಳುತ್ತಿತ್ತು. ಮೇಲಿನಿಂದ ಬಳಿಯುತ್ತ ಕೆಳಗೆ ಬಂದ. ಇದ್ದಕ್ಕಿದ್ದಂತೆ ಬ್ಲಾಕಿನ ಬೆಳಕು ಹೋಯಿತು. ಮುಚ್ಚಿಯೇಬಿಟ್ಟ ಎಂದುಕೊಂಡು ಬಗ್ಗಿ ನೋಡಿದರೆ ತೂತಿನ ತುಂಬ ಹಸಿರು ಚೌಕಳಿ ಸೀರೆ. ಅತ್ತೆ ಗೋಡೆಗೆ ಬೆನ್ನು ಕೊಟ್ಟು ಕೂತಿದ್ದರು.

"ಏಳವ್ವ, ಇದೊಂದು ಪಟ್ಟಿ ಆದ್ರೆ ಮುಗೀತು" ಬೊಳ್ಳಪ್ಪ ಅಂದ.

"ಮೆಣಸು ಹಸನು ಮಾಡ್ತಿದೀನಿ. ಕಾಣ್ಸಲ್ವಾ?" ಮೊರ ಕೇರುವ ಸದ್ದು ಬಂತು.

"ಅಲ್ಲಿ ಕೂತು ಮಾಡ್ಬಹುದಲ್ಲ ಅತ್ತೆ" ಅಮೃತಕ್ಕ.

"ಇಲ್ಲಿ ಬೆಳಕು ಚೆನ್ನಾಗೈತೆ."

ಸಿಂಚನಾ ತೂತಿನಲ್ಲಿ ಬೆರಳು ಹಾಕಿ ಸೀರೆಯನ್ನು ಚುಚ್ಚಿದಳು. "ಅಜ್ಜಿ, ನೀನಾ?"

"ಬೆರಳು ತೆಗಿ ಕಣೆ, ಶನಿ."

ಬೊಳ್ಳಪ್ಪ ಕರಣೆಯಿಂದ ಬಾಂಡ್ಲಿ ತಟ್ಟಿದ. "ಅಣ್ಣಾ, ಕಲಸಿದ್ದು ಗಟ್ಟಿಯಾಗುತ್ತೆ. ಆಮೇಲೆ ನನ್ನ ಬೈಬೇಡಿ."

ಭಾವ ಬಂದರು. "ಅವ್ವಾ, ಏಳು. ಊರವರ ಮುಂದೆ ನಗೆಪಾಟಲು ಮಾಡ್ಬೇಡ. ಎರಡು ಪೀಸು ಗೊಂಬೆಗೆ ಇಷ್ಟೊಂದು ಹಠನಾ?"

"ಗೊಂಬೆಗೆ ನಿನ್ನ ಹೆಂಡ್ತಿ ಬೀಗ ಹಾಕಿದ್ಲು. ಆಗ ನಗು ಬರ್ಲಿಲ್ವಾ ನಿನಗೆ?"

"ಗೋಡೆ ನಮ್ಮದು. ಮುಚ್ಚಿಸ್ತೀವಿ."

"ಗೋಡೆ ನಿಂದೇ. ದಾರಿ ನಿಂದಲ್ಲ." ಮೊರ ಕೇರುವುದು ನಿಂತಿತು. ಆಮೇಲಿನ ಮಾತನ್ನು ಅತ್ತೆ ದನಿ ಏರಿಸದೆ ಹೇಳಿದರು, ಅದಕ್ಕೇ ನಾನು ಕಿವಿಯನ್ನು ಬ್ಲಾಕಿಗೆ ಒತ್ತಿ ಕೇಳಬೇಕಾಯಿತು. "ನಿನ್ನ ದೊಡ್ಡಪ್ಪನೂ ಇದೇ ಅಂದಿದ್ದ. ಜೀಪು ಆಚೆ ನಿಂತಿತ್ತು ಕಿರಣ. ನೀನು ನನ್ನ ಹೆಗಲ ಮೇಲೆ ಕಣ್ಣು ಮೇಲೆ ಮಾಡ್ಕೊಂಡು ಬಿದ್ದಿದ್ದೆ. ಅವನು ಅಡ್ಡಗೋಲು ತೆಗೀಲಿಲ್ಲ. ಈಗ ನೀನು ಅಡ್ಡಗೋಲು ಹಾಕು. ನನ್ನ ಬೆನ್ನ ಮೇಲೇ ಸಿಮೆಂಟು ಮೆತ್ತು. ನಾನು ಏಳೋದಿಲ್ಲ."

ಭಾವನ ಸ್ಕೂಟರು ಸ್ಟಾರ್ಟಾಗಿ ಮಳೆಯಲ್ಲೇ ಗೇಟು ದಾಟಿದ ಸದ್ದು ಕೇಳಿತು. ಅತ್ತೆ ಮತ್ತೆ ಮೊರ ಕೇರತೊಡಗಿದರು. ಬೊಳ್ಳಪ್ಪ ಒಂದು ಬೀಡಿ ಸೇದಿ ಬಂದ, ಇನ್ನೊಂದು ಸೇದಿ ಬಂದ. ಊಟದ ಹೊತ್ತಾಯಿತು, ಅತ್ತೆ ಏಳಲಿಲ್ಲ. ಅಮೃತಕ್ಕ ತಟ್ಟೆಯನ್ನು ಅವರೆದುರು ಕುಕ್ಕಿಟ್ಟ ಸದ್ದು ಬಂತು. "ಉಪ್ಪು ಸುರಿದಿದೀಯ" ಎಂದು ಬೈದುಕೊಂಡೇ ಉಂಡರು. ಕೊನೆಗೆ ಬೊಳ್ಳಪ್ಪ ಗಟ್ಟಿಯಾದ ಸಿಮೆಂಟನ್ನು ಕೆರೆದು ಅಂಗಳದ ಗುಂಡಿಗೆ ಎಸೆದು, ಸಾಮಾನು ತೊಳೆದುಕೊಂಡು ಹೊರಟುಹೋದ. ಸೀರೆ ಸರಿದು ಬ್ಲಾಕಿನಲ್ಲಿ ಮತ್ತೆ ಬೆಳಕು ಬಂದಾಗ ಸಿಂಚನಾ ಕಾಡಿನ ಪಕ್ಕದಲ್ಲೇ ನಿದ್ದೆ ಹೋಗಿದ್ದಳು.

ಆಮೇಲೆ ಬೊಳ್ಳಪ್ಪನನ್ನು ಯಾರೂ ಕರೆಯಲಿಲ್ಲ. ಆಚೆಯ ಗೋಡೆ ಈಗಲೂ ಮೇಲೆಲ್ಲ ನುಣ್ಣಗಿದೆ, ಕೆಳಗೆ ಅತ್ತೆ ಕೂತಿದ್ದಷ್ಟು ಅಗಲ ಮಾತ್ರ ಬರೀ ಬ್ಲಾಕು. ಅಮೃತಕ್ಕ ನನ್ನೊಂದಿಗೆ ಮಾತು ಬಿಟ್ಟಿದ್ದಾರೆ. ನಾನೂ ಬಿಟ್ಟಿದ್ದೇನೆ. ನಲ್ಲಿಯ ಹತ್ತಿರ ಒಬ್ಬರು ಬಂದರೆ ಇನ್ನೊಬ್ಬರು ಹೋಗುತ್ತೇವೆ. ಅತ್ತೆಯ ಹತ್ತಿರ ಒಂದು ದಿನ, "ಅವತ್ತು ನೀವು ಕೂತಿದ್ದಕ್ಕೆ..." ಎಂದು ಶುರು ಮಾಡಿದೆ. "ನಿನಗೋಸ್ಕರ ಕೂತಿದ್ನಾ? ಹೋಗು, ಒಣಗಿಸಿದ ಬಟ್ಟೆ ನೆನೀತಾ ಐತೆ" ಅಂದರು. ಅವತ್ತು ನಿಜವಾಗಿಯೂ ನೆನೆಯುತ್ತಿತ್ತು.

ಮೊನ್ನೆ ಮತ್ತೆ ಮಳೆ ರಜೆ. ಬ್ಲಾಕಿನಿಂದ ಪ್ರಾಣಿಗಳು ಬರತೊಡಗಿದವು. ಜಿರಾಫೆಯನ್ನು ಆಚೆಯವರು ಮಲಗಿಸಿ ತೂರಿಸಿದರು, ಅದು ಸೀದಾ ಹೋಂಸ್ಟೇಗೆ ಹೋಯಿತು. ಎಲ್ಲ ಬಂದ ಮೇಲೂ ಸಿಂಚನಾ ನೆಲ ಬಿಟ್ಟು ಏಳಲಿಲ್ಲ.

"ದೀಕ್ಷಣ್ಣಾ, ದೊಡ್ಡಾನೆ?"

"ಅದ್ಕೆ ಆಗಲ್ಲ. ತೂತು ಸಣ್ಣ."

"ತೂತು ಸಣ್ಣ ಆದ್ರೆ ಬಾಗ್ಲು ದೊಡ್ಡದೈತೆ" ಎಂದಿತು ಅತ್ತೆಯ ದನಿ. "ಕಾಲಿಲ್ವಾ ನಿನಗೆ? ಎತ್ಕೊಂಡು ಸುತ್ತು ಹಾಕ್ಕೊಂಡು ಹೋಗು."

ಹುಡುಗ ಅಲ್ಲಾಡಲಿಲ್ಲವೆಂದು ತೋರುತ್ತದೆ. ಅವನು ಯಾರ ಮುಖ ನೋಡುತ್ತಿದ್ದಾನೆಂದು ನನಗೆ ಗೊತ್ತಿತ್ತು. ಅವರ ಅಡುಗೆಮನೆಯ ಬಾಗಿಲು ಹಾಲಿಗೇ ಇದೆ. ಪಾತ್ರೆ ತಿಕ್ಕುವ ಸದ್ದು ನಿಂತಿತ್ತು. ಸಿಂಚನಾ ಬ್ಲಾಕಿಗೆ ಕಣ್ಣಿಟ್ಟಿದ್ದಳು. ನಾನು ಬಾಗಿಲ ಚಿಲಕದ ಮೇಲೆ ಕೈ ಇಟ್ಟು ನಿಂತೆ, ತೆಗೆಯಲಿಲ್ಲ.

"ಚಪ್ಪಲಿ ಹಾಕ್ಕೊಂಡು ಸಾಯಿ" ಎಂದರು ಅಮೃತಕ್ಕ. "ಅಂಗಳದ ತುಂಬ ಜಿಗಣೆ."

ನಾನು ಚಿಲಕ ತೆಗೆದೆ. ತರಚಿದ ಕಿವಿಯ ಆನೆಯನ್ನು ಅಂಗಿಯೊಳಗೆ ಇಟ್ಟುಕೊಂಡು, ದೊಡ್ಡವರ ಚಪ್ಪಲಿಯಲ್ಲಿ ಕಾಲೆಳೆಯುತ್ತ ಅವನು ಮಳೆಯಲ್ಲಿ ಬರುತ್ತಿದ್ದ.